ಸಣ್ಣ ದಿನ, ದೊಡ್ಡ ದಿನ

ನನಗೆ ಯಂತ್ರಗಳ ಮೇಲೆ ಸಿಟ್ಟಿಲ್ಲ. ಯಂತ್ರ ತಂದು ನಿಲ್ಲಿಸಿ, ಇನ್ನು ಮೇಲೆ ಎಲ್ಲ ಸರಿಯಾಗುತ್ತದೆ ಎಂದು ಎದೆಯುಬ್ಬಿಸಿ ನಿಲ್ಲುತ್ತಾರಲ್ಲ, ಅವರ ಮೇಲೆ ಸಿಟ್ಟು. ನಾನು ಕಾಂತಪ್ಪ, ಮಲಾಡ್ ಸ್ಟೇಶನ್ನಿನ ಹತ್ತಿರದ ನಮ್ಮ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂತು ಬಿಲ್ಲಿನ ದುಡ್ಡು ಎಣಿಸುವವನು. ಅರ್ಧ ಆಯುಷ್ಯ ಅಲ್ಲೇ ಕಳೆಯಿತು. ಆದರೆ ಈಗ ಹೇಳಲು ಹೊರಟದ್ದು ನನ್ನ ಸಂಗತಿಯಲ್ಲ. ನನ್ನ ಬೆನ್ನ ಹಿಂದಿನ ಇಕ್ಕಟ್ಟಾದ ಏಣಿ ಹತ್ತಿದರೆ ಸಿಗುವ ಅಟ್ಟದ ಆಫೀಸಿನಲ್ಲಿ ಕೂರುವ ಶೀಲಾವತಿಯದು. ಮಲಾಡ್, ಕಾಂದಿವಲಿ, ಘಾಟ್ಕೋಪರ್ ಎಂದು ನಮ್ಮವು ಮೂರು ಬ್ರಾಂಚು. ಅಷ್ಟೂ ಕಡೆಯ ಕೆಲಸಗಾರರ ಹಾಜರಿ, ರಜೆ, ಸಂಬಳ ಎಲ್ಲವೂ ಅವಳ ಕೈಯಲ್ಲಿದೆ.

ಶೀಲಾವತಿ ಕಾಪುವಿನ ಕಡೆಯವಳು. ಮದುವೆಯಾಗಿ ಮುಂಬಯಿಗೆ ಬಂದಾಗ ಇದೇ ಹೋಟೆಲಿನ ಹಿಂಬದಿಯಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು, ಈರುಳ್ಳಿ ಹೆಚ್ಚುತ್ತಿದ್ದಳು. ಕೆಲಸ ಮುಗಿಸಿ ಕನ್ನಡದ ರಾತ್ರಿಶಾಲೆಗೆ ಹೋಗಿ ಹತ್ತನೆಯ ತರಗತಿ ಪಾಸು ಮಾಡಿದಳು. ಕೈಯ ಈರುಳ್ಳಿ ವಾಸನೆಗೆ ಪಕ್ಕದ ಬೆಂಚಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು ಎಂದು ಈಗಲೂ ಹೇಳಿಕೊಂಡು ನಗುತ್ತಾಳೆ. ಆಗಿನ ದೊಡ್ಡ ಧಣಿ ಅವಳನ್ನು ಅಟ್ಟಕ್ಕೆ ಹತ್ತಿಸಿ ಹಾಜರಿಯ ಕೆಲಸ ಕೊಟ್ಟರು. ಗಂಡ ಘಾಟ್ಕೋಪರಿನಲ್ಲಿ ಬೇರೆಯವರ ಹೋಟೆಲೊಂದರಲ್ಲಿ ಸಪ್ಲೈಯರ್. ಅವನಿಗೆ ವಾರದ ರಜೆ ಸೋಮವಾರ, ಇವಳಿಗೆ ಗುರುವಾರ. ಒಂದೇ ಖೋಲಿಯಲ್ಲಿ ಇದ್ದುಕೊಂಡು ಗಂಡ ಹೆಂಡತಿ ಒಟ್ಟಿಗೆ ಕೂತು ಮಧ್ಯಾಹ್ನದ ಊಟ ಮಾಡಿದ್ದು ವರ್ಷಗಟ್ಟಲೆ ಇಲ್ಲ. ಹಾಗಾಗಿ ರಜೆ ಎಂದರೆ ಏನು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾಯಿ ಮಾತ್ರ ಜೋರು. ಬೈಯುತ್ತ ಬೈಯುತ್ತಲೇ ಉಪಕಾರ ಮಾಡುವ ಹೆಂಗಸು.

ನಮ್ಮ ಹೋಟೆಲುಗಳ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಸಂಸಾರ ಊರಿನಲ್ಲಿರುವ ನಮ್ಮವರು ವಾರದ ರಜೆಯನ್ನು ವಾರಕ್ಕೊಮ್ಮೆ ತೆಗೆದುಕೊಳ್ಳುವುದಿಲ್ಲ. ಒಂದು ದಿನದ ರಜೆಯಲ್ಲಿ ಮುಂಬಯಿಯಲ್ಲಿ ಮಾಡುವುದೇನು? ರೂಮಿನಲ್ಲಿ ಬಿದ್ದುಕೊಂಡು ಫ್ಯಾನು ನೋಡುವುದು. ಅದಕ್ಕೆ ರಜೆಯ ದಿನವೂ ದುಡಿದು, ಆ ರಜೆಯನ್ನೆಲ್ಲ ಕೂಡಿಟ್ಟು, ಒಮ್ಮೆಗೇ ಊರಿಗೆ ಹೋಗಿ ಮನೆಯವರ ಜೊತೆ ಇದ್ದು ಬರುತ್ತಾರೆ. ಒಂದು ರಜೆ ಬಿಟ್ಟು ದುಡಿದರೆ ಊರಿನಲ್ಲಿ ಒಂದು ದಿನ. ಇಷ್ಟೇ ಲೆಕ್ಕ. ದೊಡ್ಡ ಧಣಿಯ ಕಾಲದಲ್ಲಿ ಇದರ ಬಗ್ಗೆ ಯಾರೂ ಚರ್ಚೆ ಮಾಡಿದ್ದು ನಾನು ಕಂಡಿಲ್ಲ.

ಆಮೇಲೆ ಅವರ ಮಗ ರೋಶನ್ ಬಂದ. ಒಳ್ಳೆಯ ಹುಡುಗ, ಸುಳ್ಳು ಯಾಕೆ ಹೇಳಲಿ. ಆದರೆ ಕೈಯಲ್ಲಿ ಫೋನು ಇಲ್ಲದಿದ್ದರೆ ಅವನಿಗೆ ಉಸಿರಾಡಲಿಕ್ಕೂ ನೆನಪಾಗುವುದಿಲ್ಲ. ಹಿತೇಶ್ ಎಂಬ ಸಾಫ್ಟ್‌ವೇರಿನವನನ್ನು ಕರೆದುಕೊಂಡು ಬಂದು, ಇನ್ನು ಮುಂದೆ ಹಾಜರಿ ಮತ್ತು ಸಂಬಳ ಕಂಪ್ಯೂಟರಿನಲ್ಲೇ ಎಂದು ಘೋಷಿಸಿದ. ಬಾಗಿಲ ಬಳಿ ಮುಖ ನೋಡಿ ಹಾಜರಿ ಹಾಕುವ ಯಂತ್ರ ಬಂತು. ಶುಭಕಾರ್ಯವಲ್ಲವೇ? ನಮ್ಮವರು ಬಿಡುತ್ತಾರೆಯೇ? ತೆಂಗಿನಕಾಯಿ ಒಡೆದು, ಹೂವಿನ ಹಾರ ಹಾಕಿ, ಯಂತ್ರದ ನೆತ್ತಿಗೆ ಕುಂಕುಮ ಮೆತ್ತಿದರು. ಕುಂಕುಮ ಕ್ಯಾಮೆರಾದ ಕಣ್ಣಿನ ಮೇಲೇ ಬಿತ್ತು. ಆ ದಿನ ಬೆಳಿಗ್ಗೆ ಯಂತ್ರ ಒಬ್ಬನ ಮುಖವನ್ನೂ ಗುರುತಿಸಲಿಲ್ಲ. ಹಿತೇಶ್ ಓಡಿ ಬಂದು ಕರವಸ್ತ್ರದಲ್ಲಿ ಒರೆಸಿದ. ಒರೆಸಿದ ಮೇಲೆ, ಎಲ್ಲರಿಗೂ ಮಾದರಿಯಾಗಲಿ ಎಂದು ರೋಶನ್ ತನ್ನ ಮುಖವನ್ನೇ ಮೊದಲು ತೋರಿಸಿ ತನ್ನ ಹೆಸರು ಸೇರಿಸಿಕೊಂಡ.

ಒಳಗಿನ ಕೆಲಸವೆಲ್ಲ ಶೀಲಾವತಿಯ ಪಾಲಿಗೆ ಬಂತು. ತಿಂಗಳನ್ನು ದಿನ ಮಾಡಬೇಕು, ದಿನವನ್ನು ಗಂಟೆ ಮಾಡಬೇಕು, ಗಂಟೆಯನ್ನು ಮತ್ತೆ ನೂರು ಪಾಲು ಮಾಡಬೇಕು. ಏಳೂವರೆ ಗಂಟೆ ದುಡಿದರೆ ಏಳು ಪಾಯಿಂಟ್ ಐದು ಎಂದು ತೋರಿಸುತ್ತಿತ್ತು. ಅದನ್ನು ಕಂಡ ಸಪ್ಲೈಯರುಗಳು, "ಅರ್ಧ ಗಂಟೆ ಹೆಚ್ಚಿಗೆ ಮಾಡಿದ್ರೆ ಬರೀ ಐದು ನಿಮಿಷ ಬರ್ದಿದ್ದಾರೆ" ಎಂದು ಏಣಿ ಹತ್ತಿ ಜಗಳಕ್ಕೆ ಹೋದರು. ಅವಳು ಒಬ್ಬೊಬ್ಬರನ್ನೂ ಕೂರಿಸಿ, ಇಡ್ಲಿ ಅರ್ಧ ಮಾಡಿ ತೋರಿಸಿ, ಅರ್ಧ ಎಂದರೆ ಪಾಯಿಂಟ್ ಐದು ಎಂದು ಪಾಠ ಹೇಳಿದಳು. ಆ ವಾರವೆಲ್ಲ ಅವಳ ಮಂಡೆ ಬಿಸಿ. ಮೇಲಿಂದ ಇಳಿದು ಬರುವಾಗ ನನ್ನ ಹತ್ತಿರ, "ಕಾಂತಣ್ಣ, ಇದ್ರಿಂದ ಈರುಳ್ಳಿ ಹೆಚ್ಚೋದೇ ಸುಖ" ಎನ್ನುತ್ತಿದ್ದಳು.

ಅದೇ ವಾರ ಅವಳು ಒಂದು ಕಡೆ ತಡೆದು ನಿಂತಿದ್ದಳಂತೆ. ಒಂದು ದಿನ ಎಂದರೆ ಎಷ್ಟು ಗಂಟೆ ಎಂದು ಯಂತ್ರ ಎರಡು ಕಡೆ ಕೇಳಿತು, ಕೆಲಸಕ್ಕೆ ಬೇರೆ, ರಜೆ ಜಮೆಗೆ ಬೇರೆ. ನಮ್ಮಲ್ಲಿ ಅಡುಗೆಯವರು ಬೆಳಿಗ್ಗೆ ಆರಕ್ಕೆ ನಿಂತರೆ ಎರಡರವರೆಗೆ, ನಡುವೆ ಮಲಗಿ ಎದ್ದು, ಮತ್ತೆ ಐದರಿಂದ ಒಂಬತ್ತು. ಒಟ್ಟು ಹನ್ನೆರಡು ಗಂಟೆ. ಕಾಗದದಲ್ಲಿ ಮಾತ್ರ ಮೊದಲಿನಿಂದಲೂ ಎಂಟು. ಹಿತೇಶ್ ರೋಶನನ ಹತ್ತಿರ ಕೇಳಿ ಬಂದು ಕೆಲಸದ ದಿನಕ್ಕೆ ಹನ್ನೆರಡು, ರಜೆಯ ಜಮೆಗೆ ಎಂಟು ಎಂದು ಹಾಕಿಸಿದ. "ಎರಡು ಯಾಕೆ ಬೇರೆ ಬೇರೆ?" ಎಂದು ಇವಳು ಕೇಳಿದ್ದಕ್ಕೆ, "ಬೆನ್, ಟೆನ್ಶನ್ ಮತ್ ಲೋ, ಸಬ್ ಜಗಹ್ ಐಸಾ ಹೀ ಹೈ" ಎಂದನಂತೆ. ಎಲ್ಲ ಕಡೆ ಹೀಗೇ ಎಂದ ಮೇಲೆ ಮುಗಿಯಿತಲ್ಲ, ಇವಳು ಗುಂಡಿ ಒತ್ತಿದಳು. ಅಲ್ಲಿಯವರೆಗೆ ಎಲ್ಲರೂ ಕೂಡಿಟ್ಟಿದ್ದ ರಜೆಯೂ ಅದೇ ಲೆಕ್ಕದಲ್ಲಿ ಯಂತ್ರದೊಳಗೆ ಹೋಯಿತು.

ಅದರ ಫಲ ಗೊತ್ತಾದದ್ದು ಮಳೆಗಾಲ ಮುಗಿದ ಮೇಲೆ, ಸಂದೀಪನಿಂದ.

ಸಂದೀಪ ನಮ್ಮ ದೋಸೆ ಭಟ್ಟ, ಹೆಬ್ರಿ ಕಡೆಯವನು. ಕಾವಲಿಯ ಮುಂದೆ ನಿಂತರೆ ಅವನಿಗೆ ಲೋಕವೇ ಬೇಡ. ಮಾತು ಕಮ್ಮಿ. ಅವನ ಹೆಂಡತಿ ಲಾವಣ್ಯಾ ಊರಿನಲ್ಲಿ. ಎರಡು ಬಾರಿ ಬಸುರಾಗಿ ಎರಡು ಬಾರಿಯೂ ಏಳು ತಿಂಗಳಿಗೆ ಮಗು ಹೋಯಿತು. ಎರಡು ಸಲವೂ ಇವನು ಇಲ್ಲಿ ದೋಸೆ ಹುಯ್ಯುತ್ತಿದ್ದ. ಸುದ್ದಿ ಬಂದದ್ದು ಫೋನಿನಲ್ಲಿ. ಎರಡನೆಯ ಸಲ ಫೋನು ಇಟ್ಟವನು ಟೋಕನ್ನಿನಲ್ಲಿದ್ದ ಮಸಾಲೆ ದೋಸೆಗಳನ್ನೆಲ್ಲ ಮುಗಿಸಿಯೇ ಕಾವಲಿ ಬಿಟ್ಟು ಹೋಗಿ ಗೋಡೆಗೆ ಮುಖ ಮಾಡಿ ಕೂತಿದ್ದ. ಈಗ ಮೂರನೆಯ ಬಾರಿ. ಕೊನೆಯ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿ ಇರುವುದು ಕಣ್ಣು ಕಾಣದ ಅತ್ತೆ ಒಬ್ಬರೇ. ಇಂಥ ಹೊತ್ತಿಗೆ ಬೇಕು ಎಂದೇ ಸಂದೀಪ ಎರಡನೆಯ ಮಗು ಹೋದಂದಿನಿಂದ, ನಡುವೆ ನಾಲ್ಕು ದಿನ ಊರಿಗೆ ಹೋಗಿ ಬಂದದ್ದು ಬಿಟ್ಟರೆ, ಮದುವೆ, ಮುಂಜಿ, ಹಬ್ಬ ಯಾವುದಕ್ಕೂ ಹೋಗದೆ ಅರವತ್ತು ದಿನದ ರಜೆ ಕೂಡಿಟ್ಟಿದ್ದ.

ರಜೆಗೆ ಅರ್ಜಿ ಹಾಕಲು ಹೋದರೆ ಅವನ ಫೋನು ನಲವತ್ತು ದಿನ ಎಂದು ತೋರಿಸಿತು.

ಅವನು ಏಣಿ ಹತ್ತಿದ. ನಾನೂ ಗಲ್ಲೆಗೆ ಇನ್ನೊಬ್ಬನನ್ನು ಕೂರಿಸಿ ಹಿಂದೆಯೇ ಹೋದೆ. ಶೀಲಾವತಿ ಮೊದಲು ಅವನಿಗೇ ಬೈದಳು.

"ಸರೀ ನೋಡು ಮಾರಾಯ, ಎಂತದೋ ಒತ್ತಿರ್ತೀಯ."

ಆಮೇಲೆ ತಾನೇ ಕಂಪ್ಯೂಟರು ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಸಪ್ಪಗಾಯಿತು.

"ಎಂತ ಸಾವು ಇದು! ಕಾಂತಣ್ಣ, ಇಲ್ಲಿ ನೋಡಿ. ಇವ ರಜೆ ಬಿಟ್ಟು ದುಡಿದ ಒಂದು ದಿನಕ್ಕೆ ಎಂಟೇ ಗಂಟೆ ಜಮೆ ಆಗ್ತದೆ. ಊರಿಗೆ ಹೋಗಿ ಒಂದು ದಿನ ಕೂತ್ರೆ ಹನ್ನೆರಡು ಗಂಟೆ ಕಡಿತ ಆಗ್ತದೆ. ಕೂಡಿಡುವಾಗ ಸಣ್ಣ ದಿನ, ಖರ್ಚು ಮಾಡುವಾಗ ದೊಡ್ಡ ದಿನ."

"ಅಂದ್ರೆ?" ಸಂದೀಪನಿಗೆ ಅರ್ಥವಾಗಲಿಲ್ಲ.

"ಅಂದ್ರೆ ನಿನ್ನ ಮೂರು ದಿನಕ್ಕೆ ಎರಡೇ ದಿನ ಸಿಗ್ತದೆ. ನಾನೇ ಹಾಕಿದ್ದು. ನನ್ನ ಕೈಗೆ ಬರೆ ಹಾಕ್ಬೇಕು."

ನಲವತ್ತು ದಿನ ಹೋಗಿ ಉಳಿದ ಇಪ್ಪತ್ತನ್ನು ಸಂಬಳವಿಲ್ಲದೆ ಕಳೆಯಬಹುದಲ್ಲ ಎಂದು ನೀವು ಕೇಳಬಹುದು. ಹೋಟೆಲಿನಲ್ಲಿ ಅದು ನಡೆಯುವುದಿಲ್ಲ. ಕಾವಲಿ ಖಾಲಿ ಇರುವಂತಿಲ್ಲ, ಬದಲಿ ಭಟ್ಟ ಬಂದು ನಿಂತಿರುತ್ತಾನೆ. ರಜೆ ಮೀರಿದವನ ಜಾಗ ಬದಲಿಯವನದಾಗುತ್ತದೆ. ಹುಟ್ಟುವ ಮಗುವನ್ನು ಇಟ್ಟುಕೊಂಡು ಕೆಲಸ ಕಳೆದುಕೊಳ್ಳಲು ಯಾರಿಗೆ ಧೈರ್ಯವಿದೆ? ಸಂದೀಪನ ಟಿಕೆಟು ಬುಧವಾರದ್ದು. ಅಂದು ಶುಕ್ರವಾರ.

ಶೀಲಾವತಿ ಅಟ್ಟದಲ್ಲೇ ಇರುವ ರೋಶನನ ಕ್ಯಾಬಿನ್ನಿಗೆ ಹೋಗಿ ತಪ್ಪು ತನ್ನದೇ ಎಂದು ಮೊದಲೇ ಹೇಳಿ, ಎರಡೂ ಕಡೆ ಒಂದೇ ಅಂಕೆ ಹಾಕಲು ಒಪ್ಪಿಗೆ ಕೇಳಿದಳು. ರೋಶನ್ ಹೆದರಿದ. ಅವನ ಹೆದರಿಕೆಯೂ ಸುಮ್ಮನೆ ಅಲ್ಲ. ಎರಡೂ ಕಡೆ ಎಂಟು ಹಾಕಿದರೆ ದಿನದ ಉಳಿದ ನಾಲ್ಕು ಗಂಟೆ ಓವರ್‌ಟೈಮ್ ಎಂದು ಎಲ್ಲರ ಹೆಸರಿನ ಮುಂದೆ ಕೆಂಪಗೆ ಏಳುತ್ತದೆ. ಎರಡೂ ಕಡೆ ಹನ್ನೆರಡು ಹಾಕಿದರೆ, ಸರಕಾರಕ್ಕೆ ತೋರಿಸುವ ಕಾಗದದಲ್ಲೂ ನಮ್ಮಲ್ಲಿ ದಿನ ಎಂದರೆ ಹನ್ನೆರಡು ಗಂಟೆ ಎಂದು ತಾನೇ ಬರೆದು ಒಪ್ಪಿಕೊಂಡ ಹಾಗೆ.

"ಶೀಲಕ್ಕ, ಪ್ಲೀಸ್, ಸೆಟ್ಟಿಂಗ್ ಮುಟ್ಟಬೇಡಿ" ಎಂದ. "ಮೈ ಸಮಝ್ತಾ ಹೂಂ, ಸಂದೀಪ್‌ದು ಪ್ರಾಬ್ಲೆಮ್ ಇದೆ. ಅವನಿಗೆ ಸ್ಪೆಷಲ್ ಕೇಸ್ ಮಾಡಿ ಹತ್ತು ದಿನ ನಾನು ಕೊಡ್ತೇನೆ. ಓಕೆ?"

"ಅವನಿಗೆ ಬೇಕಾದ್ದು ನಿಮ್ಮ ಹತ್ತು ದಿನ ಅಲ್ಲ ಧಣಿ. ಅವನದ್ದೇ ಇಪ್ಪತ್ತು ದಿನ. ಮತ್ತೆ, ಇವನೊಬ್ಬನದ್ದು ಮಾತ್ರ ಅಲ್ಲ, ಎಲ್ಲರದ್ದೂ ಹೀಗೇ ಹೋಗಿದೆ. ನೀವು ಕೊಟ್ಟದ್ದು ಅಂತ ತಕ್ಕೊಂಡ್ರೆ ಉಳಿದವ್ರದ್ದು ಅಲ್ಲಿಗೇ ಮುಗೀತು."

ಹೀಗೆ ಹೇಳಿ ಅವಳು ಕೆಳಗೆ ಬಂದಳು. ಬಾಗಿಲ ಹೊರಗೆ ನಿಂತು ಎಲ್ಲ ಕೇಳಿ ಹಿಂದೆಯೇ ಇಳಿದು ಬಂದ ಸಂದೀಪನ ಕಣ್ಣು ಕೆಂಪಾಗಿತ್ತು. ಅವನು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಅಕ್ಕ, ನಿಮಗೆ ನ್ಯಾಯ ಬೇಕು. ನಂಗೆ ರಜೆ ಬೇಕು. ಹತ್ತಾದ್ರೆ ಹತ್ತು, ಕೊಡ್ತೇನೆ ಅಂದದ್ದನ್ನೂ ನೀವು ಬೇಡ ಅಂದ್ರಲ್ಲ? ನಿಮ್ಮ ಮನೆಯಲ್ಲಿ ಮಲಗಿದ್ದಾ ಲಾವಣ್ಯಾ?"

"ಬುಧವಾರದ ಒಳಗೆ ಸರಿ ಮಾಡಿ ಕೊಡ್ತೇನೆ. ಆಗದಿದ್ರೆ ಆ ಹತ್ತು ದಿನವನ್ನೇ ಕೈಮುಗಿದು ತಂದು ಕೊಡ್ತೇನೆ" ಎಂದಷ್ಟೇ ಹೇಳಿದಳು. ಅವನು ಕೇಳಿಸಿಕೊಳ್ಳದ ಹಾಗೆ ಕಾವಲಿಯ ಕಡೆ ನಡೆದ. ಅವಳು ಏಣಿಯ ಬುಡದಲ್ಲಿ ಕೂತಳು. ಎಲ್ಲರ ಪಂಚಾತಿಕೆ ನಿನಗ್ಯಾಕೆ, ಇವನದ್ದೊಂದು ದಡ ಹತ್ತಿಸಬಾರದಿತ್ತಾ ಎಂದು ನಾನೂ ನಾಲ್ಕು ಮಾತು ಬೈದೆ.

"ನೀವೂ ಬೈರಿ ಕಾಂತಣ್ಣ" ಎಂದಳು. "ಹತ್ತು ಸಾಕಾಗದಿದ್ರೆ? ಐವತ್ತನೇ ದಿನ ಅವ ಹೆಂಡ್ತಿಯನ್ನು ಹಾಗೇ ಬಿಟ್ಟು ರೈಲು ಹತ್ಬೇಕಾ?"

ಅವಳ ಕಣ್ಣಲ್ಲಿ ನೀರು ಕಂಡು ನನ್ನ ಸಿಟ್ಟು ತಿರುಗಿ ರೋಶನನ ಮೇಲೆ ಹೋಯಿತು. ಮೂಗಿನ ತುದಿಯಲ್ಲೇ ಇರುವ ಸಿಟ್ಟು, ಅದಕ್ಕೆ ದಾರಿ ತೋರಿಸಬೇಕಾಗಿಲ್ಲ. ನೆಟ್ಟಗೆ ಅಟ್ಟ ಹತ್ತಿ, "ಧಣಿ, ಈ ಭಾನುವಾರ ನನಗೆ ರಜೆ" ಎಂದೆ. ಭಾನುವಾರವೆಂದರೆ ನಮ್ಮಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಬಾಗಿಲ ಹೊರಗೂ ಜನ ಕಾಯುತ್ತಾರೆ. ಇಷ್ಟು ವರ್ಷಗಳಲ್ಲಿ ನಾನು ಭಾನುವಾರ ಗಲ್ಲೆ ಬಿಟ್ಟವನಲ್ಲ. ರೋಶನ್ ಗಾಬರಿಯಾಗಿ, "ಕಾಂತಣ್ಣ, ಸಂಡೇ ಕೌನ್ ಬೈಠೇಗಾ?" ಎಂದ. "ನೀವೇ ಕೂತ್ಕೊಳ್ಳಿ" ಎಂದು ಇಳಿದು ಬಂದೆ. ಇದರಲ್ಲಿ ನನ್ನದೊಂದು ದೊಡ್ಡ ಉಪಾಯವಿತ್ತು ಎಂದು ಹೋಟೆಲಿನಲ್ಲಿ ಈಗ ಕತೆ ಕಟ್ಟಿದ್ದಾರೆ. ಮಣ್ಣಾಂಗಟ್ಟಿ! ಬರೀ ಸಿಟ್ಟು.

ಭಾನುವಾರ ರೋಶನ್ ಗಲ್ಲೆಯಲ್ಲಿ ಕೂತ. ಬೆಳಿಗ್ಗೆ ಏಳಕ್ಕೆ ಯಂತ್ರಕ್ಕೆ ಮುಖ ತೋರಿಸಿ ಒಳಗೆ ಬಂದವನು ಪಾರ್ಸೆಲ್ಲಿನವರ, ಚಿಲ್ಲರೆಯವರ, ಸಾಂಬಾರು ತಣ್ಣಗಿದೆ ಎನ್ನುವವರ ನಡುವೆ ಊಟವನ್ನೂ ನಿಂತುಕೊಂಡೇ ಮಾಡಿದನಂತೆ. ನಡುಮಧ್ಯಾಹ್ನ ಸ್ವಲ್ಪ ಕಾಲು ಚಾಚಿದ್ದು ಬಿಟ್ಟರೆ ಹೋಟೆಲು ಮುಚ್ಚುವವರೆಗೂ ಕೂತಿದ್ದ.

ಸೋಮವಾರ ನಾನು ಬರುವಾಗ ಅಟ್ಟದಲ್ಲಿ ಗಲಾಟೆ ಕೇಳಿಸಿತು. ಮೇಲೆ ಹೋದೆ. ರೋಶನ್ ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು ಹಿತೇಶನಿಗೆ ಫೋನಿನಲ್ಲಿ ಬೈಯುತ್ತಿದ್ದ. ಸ್ಪೀಕರ್ ಹಾಕಿತ್ತು. ಶೀಲಾವತಿ ತನ್ನ ಮೇಜಿನ ಹಿಂದೆ ಕೂತಿದ್ದಳು.

"ಪೂರಾ ದಿನ ಮೈ ಬೈಠಾ ಥಾ ಯಾರ್! ಮತ್ತೆ ಎಂಟೇ ಗಂಟೆ ಯಾಕೆ ತೋರಿಸ್ತದೆ? ಸಿಸ್ಟಮ್ ಖರಾಬ್ ಹೈ ಕ್ಯಾ?"

"ಖರಾಬ್ ನಹೀ ಹೈ ಸರ್" ಎಂದ ಆ ಕಡೆಯಿಂದ ಹಿತೇಶ್, ತಣ್ಣಗೆ. "ಸಂಡೇ ಆಪ್‌ಕಾ ವೀಕ್ಲಿ ಆಫ್ ಹೈ. ಆಫ್ ಕೇ ದಿನ ಕಿತನಾ ಭೀ ಕಾಮ್ ಕರೋ, ಆಠ್ ಘಂಟಾ ಹೀ ಜಮಾ ಹೋಗಾ. ಆಪ್ ನೇ ಹೀ ಬೋಲಾ ಥಾ ನಾ?" ಭಾನುವಾರ ನಿಮ್ಮ ವಾರದ ರಜೆ, ರಜೆಯ ದಿನ ಎಷ್ಟು ದುಡಿದರೂ ಎಂಟೇ ಗಂಟೆ ಜಮೆ, ನೀವೇ ಹೇಳಿದ್ದಲ್ಲವೇ ಎಂದು.

ರೋಶನ್ ಫೋನು ಕೆಳಗಿಟ್ಟು ಕುರ್ಚಿಯಲ್ಲಿ ಕೂತ. ಮುಖದಲ್ಲಿ ಹಿಂದಿನ ದಿನದ ಆಯಾಸ ಇನ್ನೂ ಇತ್ತು. ನನಗೆ ಒಂದು ಮಾತು ಕುಟ್ಟಬೇಕು ಎಂದು ನಾಲಿಗೆ ತುರಿಸಿತು. ಶೀಲಾವತಿ ಕಣ್ಣಲ್ಲೇ ಗದರಿಸಿದಳು, ಸುಮ್ಮನಾದೆ.

"ಶೀಲಕ್ಕ" ಎಂದ ರೋಶನ್. "ನನಗೆ ಒಂದು ಸಂಡೇಗೇ ಇಷ್ಟು ಸಿಟ್ಟು ಬಂತು. ಸಂದೀಪ್‌ದು ಎಷ್ಟು ಸಂಡೇ?"

"ಅವನು ಕೂಡಿಟ್ಟದ್ದೆಲ್ಲ ಹಾಗೆಯೇ, ಧಣಿ."

"ಓವರ್‌ಟೈಮ್ ಈಗಲೇ ನನಗೆ ಆಗಲ್ಲ ಶೀಲಕ್ಕ. ಸಚ್ ಬೋಲ್ತಾ ಹೂಂ. ಮೂರು ಬ್ರಾಂಚ್‌ದು ಬಂದ್ರೆ ನಾನು ಹೋದೆ."

"ಅದ್ರ ಮಾತು ಮುಂದೆ ಆಡ್ಲೇಬೇಕು. ನಾನು ಬಿಡೋದೂ ಇಲ್ಲ" ಎಂದಳು ಶೀಲಾವತಿ. "ಇವತ್ತು ರಜೆ ಸರಿ ಮಾಡುವ. ಗಂಟೆಯ ರಗಳೆಯೇ ಬೇಡ. ಒಂದು ರಜೆ ಬಿಟ್ಟು ದುಡಿದ್ರೆ ಒಂದು ದಿನ ಜಮೆ, ಊರಲ್ಲಿ ಒಂದು ದಿನ ಕೂತ್ರೆ ಒಂದು ದಿನ ಕಡಿತ. ನಿಮ್ಮ ಅಪ್ಪ ಮಾಡ್ತಿದ್ದದ್ದೂ ಇದೇ. ಆದ್ರೆ ಎಲ್ಲರಿಗೂ."

ರೋಶನ್ ತಲೆಯಾಡಿಸಿದ. ಅವಳು ಮತ್ತೆ ಹಿತೇಶನಿಗೆ ಫೋನು ಮಾಡಿಸಿ, ಅವನು ಹೇಳಿದ ಕಡೆಗೆಲ್ಲ ಹೋಗಿ, ರಜೆಯನ್ನು ಗಂಟೆಯಿಂದ ಬಿಡಿಸಿ ದಿನಕ್ಕೆ ಕಟ್ಟಿದಳು. ಈ ಸಲ ಗುಂಡಿ ಒತ್ತುವ ಮೊದಲು ಒಬ್ಬೊಬ್ಬರ ಹೆಸರು ತೆಗೆದು ನೋಡಿದಳು. ಸಂದೀಪನ ಫೋನಿನಲ್ಲಿ ಅರವತ್ತು ಎಂದು ಬಂತು. ಅವನು ಕಾವಲಿಯ ಹತ್ತಿರದಿಂದಲೇ ಮೇಲೆ ನೋಡಿದ. ಕ್ಷಮೆ ಗಿಮೆ ಎಂದು ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಬೆಣ್ಣೆ ಹಾಕಿದ ಒಂದು ದೋಸೆ ಅಟ್ಟಕ್ಕೆ ಹೋಯಿತು. ಬುಧವಾರ ಅವನು ರೈಲು ಹತ್ತಿದ.

ಓವರ್‌ಟೈಮಿನ ಮಾತು ಇನ್ನೂ ಮುಗಿದಿಲ್ಲ. ಸಾಯಂಕಾಲಕ್ಕೆ ಬೇರೆ ಒಂದು ತಂಡ ಮಾಡಿ ಹನ್ನೆರಡು ಗಂಟೆಯನ್ನು ಇಳಿಸುತ್ತೇನೆ ಎಂದು ರೋಶನ್ ಹೇಳಿದ್ದಾನೆ, ಘಾಟ್ಕೋಪರಿನಲ್ಲಿ ಶುರುವಾಗಿದೆ. ಇಲ್ಲಿ ಯಾವಾಗ ಎಂದು ಶೀಲಾವತಿ ದಿನ ಬೆಳಗಾದರೆ ಅವನ ಪ್ರಾಣ ತಿನ್ನುತ್ತಾಳೆ. ಅವನು ಅವಳನ್ನು ಕಂಡರೆ ಫೋನು ಕಿವಿಗಿಟ್ಟುಕೊಂಡು ಬೇರೆ ಬಾಗಿಲಿನಿಂದ ಹೋಗುತ್ತಾನೆ. ಅದು ಅವರಿಬ್ಬರ ನಡುವಿನ ವಿಚಾರ.

ಸಂದೀಪ ಹೋಗಿ ನಲವತ್ತು ದಿನ ಕಳೆಯಿತು. ಐವತ್ತೂ ಕಳೆಯಿತು. ಶೀಲಾವತಿ ಹೊರಗೆ ತೋರಿಸಿಕೊಳ್ಳದಿದ್ದರೂ ಗಲ್ಲೆಯ ಫೋನು ಹೊಡೆದುಕೊಂಡಾಗಲೆಲ್ಲ ಏಣಿಯ ಮೇಲಿನಿಂದ ಇಣುಕುತ್ತಿದ್ದಳು. ಒಂದು ಮಧ್ಯಾಹ್ನ, ಊಟದ ಗಡಿಬಿಡಿಯ ನಡುವೆ ಅವನ ಕರೆ ಬಂತು. "ಅಕ್ಕನಿಗೆ ಕೊಡಿ" ಎಂದ. ಧ್ವನಿಯಿಂದ ನನಗೆ ಏನೂ ಗೊತ್ತಾಗಲಿಲ್ಲ. ಏಣಿಯ ಕಡೆ ತಿರುಗಿ ಅವಳನ್ನು ಕೂಗಿದೆ. ಅವಳು ಇಳಿದು ಬಂದು, ಗದ್ದಲದಲ್ಲಿ ಕೇಳಿಸದೆ, ಸ್ಪೀಕರ್ ಹಾಕಿದಳು.

ಬೆಳಿಗ್ಗೆ ಲಾವಣ್ಯಾಳಿಗೆ ಇದ್ದಕ್ಕಿದ್ದ ಹಾಗೆ ರಕ್ತ ಹೋಗಲು ಶುರುವಾಗಿತ್ತು. ಮನೆಯವರೆಗೆ ಗಾಡಿ ಬರುವುದಿಲ್ಲ. ಸಂದೀಪ ಅವಳನ್ನು ಎತ್ತಿಕೊಂಡು ಗದ್ದೆಯ ಅಂಚಿನಲ್ಲಿ ರಸ್ತೆಯವರೆಗೆ ಓಡಿದ್ದ. ಇನ್ನು ಸ್ವಲ್ಪ ತಡವಾಗಿದ್ದರೆ ತಾಯಿ ಮಗು ಇಬ್ಬರೂ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಹೆಣ್ಣು ಮಗು. ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಭಯವಿಲ್ಲ.

"ಕೂಗಿತಾ?" ಎಂದು ಕೇಳಿದಳು ಶೀಲಾವತಿ.

"ಕೂಗಿತು ಅಕ್ಕ. ನಾನು ಹೊರಗೇ ನಿಂತಿದ್ದೆ. ನಾನೇ ಕೇಳಿದೆ."

ಅವಳು ಬಿಲ್ಲು ಕೊಡಲು ನಿಂತ ಗಿರಾಕಿಗಳ ಎದುರಿಗೇ ಅತ್ತುಬಿಟ್ಟಳು. ನಾನೂ ಅತ್ತೆ, ನಾಚಿಕೆ ಯಾತರದು? ಅತ್ತ ಸಂದೀಪ ಹೇಳುತ್ತಲೇ ಇದ್ದ, ಇನ್ನು ತೊಂದರೆಯಿಲ್ಲ, ನಾಡಿದ್ದಿಗೆ ತತ್ಕಾಲ್ ಟಿಕೆಟು ಸಿಕ್ಕಿದರೆ ಹೊರಟು ಬರುತ್ತೇನೆ, ಧಣಿಗೆ ಹೇಳಿಬಿಡಿ ಎಂದು.

"ಏ ಪೆದ್ದ, ಸುಮ್ಮನೆ ಅಲ್ಲೇ ಕೂತ್ಕೋ" ಎಂದು ಗದರಿದಳು ಶೀಲಾವತಿ, ಮೂಗು ಒರೆಸಿಕೊಳ್ಳುತ್ತ. "ಇನ್ನೂ ಏಳು ದಿನ ನಿನ್ನದು ಉಂಟು."